ಮ್ಯಾಂಡರಿನ್ ಮೀನಿನ ಊಟ: ಹಾಸನದಲ್ಲಿ ಆರ್ಟೀಮಿಯಾ ಮೊಟ್ಟೆ ಡಬ್ಬಿ ಎಷ್ಟರ ಮಟ್ಟಿಗೆ ಕೈಹಿಡಿಯುತ್ತದೆ?

ಹಾಸನ, ಚಿಕ್ಕಮಗಳೂರಿನಲ್ಲಿ ಕೂತು ಉಪ್ಪುನೀರಿನ ತೊಟ್ಟಿಯಲ್ಲಿ ಸಾಕುವ ಮ್ಯಾಂಡರಿನ್ ಮೀನಿಗೆ ತರಿಸಿಕೊಳ್ಳಬಹುದಾದ ಆಹಾರ ಮುಖ್ಯವಾಗಿ ನಾಲ್ಕು ಬಗೆಯದು: ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಜೀವಿಯ ಮೊಟ್ಟೆಯ ಡಬ್ಬಿ, ಮೈಸಿಸ್ ಎಂಬ ಸಿಗಡಿಯಂಥ ಸಣ್ಣ ಜೀವಿಯ ಫ್ರೋಜನ್ ಕ್ಯೂಬು, ಬಾಟಲಿಯಲ್ಲಿ ಜೀವಂತವಾಗಿ ಬರುವ ಕೋಪೆಪಾಡ್ ಎಂಬ ಕಣದಂಥ ಜಲಜೀವಿ, ಕಾಳಿನಂಥ ಒಣ ಪೆಲೆಟ್. ಪೋಷಕಾಂಶದ ಪಟ್ಟಿ ಮಾತ್ರ ಮುಂದಿಟ್ಟುಕೊಂಡು ನೋಡಿದರೆ ಮೈಸಿಸ್ ಗೆಲ್ಲುತ್ತದೆ. ಆದರೆ ಬೆಂಗಳೂರಿನ ಫ್ರೀಜರಿನಿಂದ ಹೊರಟು, ಬಸ್ಸಿನ ಡಿಕ್ಕಿಯಲ್ಲಿ ನಾಲ್ಕೈದು ಗಂಟೆ ಕಳೆದು, ಆಮೇಲೆ ಮಳೆಗಾಲದ ಕರೆಂಟು ಕಡಿತವನ್ನೂ ದಾಟಿ ಮೀನಿನ ಬಾಯಿಗೆ ಬರುವ ಹೊತ್ತಿಗೆ ಅದು ಎಷ್ಟು ಉಳಿದಿರುತ್ತದೆ ಎಂಬುದೇ ನಮ್ಮ ಊರುಗಳಲ್ಲಿ ನಿಜವಾದ ಪ್ರಶ್ನೆ. ಆ ಲೆಕ್ಕದಲ್ಲಿ ಮೊಟ್ಟೆ ಡಬ್ಬಿಗೆ ಮೊದಲ ಸ್ಥಾನ. ಅದಕ್ಕೂ ಎರಡು ದೊಡ್ಡ ಕೊರತೆಗಳಿವೆ, ಮುಂದೆ ಹೇಳುತ್ತೇವೆ.

ಇಲ್ಲಿ ಸಣ್ಣ ತೊಟ್ಟಿ ಎಂದರೆ 80ರಿಂದ 120 ಲೀಟರ್. ಈ ಅಳತೆಯ ತೊಟ್ಟಿಗೆ ಮ್ಯಾಂಡರಿನ್ ಸುಲಭದ ಮೀನಲ್ಲ. ಲೈವ್ ರಾಕ್ (ಸಣ್ಣ ಸಮುದ್ರಜೀವಿಗಳು ನೆಲೆಸಿದ ಬಂಡೆ) ಹಾಕಿ ಆರು ತಿಂಗಳಾದರೂ ಆಗದ ತೊಟ್ಟಿಗೆ ಇದನ್ನು ತರಲೇಬಾರದು. ಅದು ಬಂಡೆಯ ಮೇಲಿನ ಕೋಪೆಪಾಡ್‌ಗಳನ್ನು ಹಗಲಿಡೀ ಒಂದೊಂದಾಗಿ ಹೆಕ್ಕಿ ತಿನ್ನುವ ಮೀನು; ಒಮ್ಮೆಗೆ ಹೊಟ್ಟೆ ಬಿರಿಯೆ ತಿಂದು ಸುಮ್ಮನಿರುವ ಜಾತಿಯಲ್ಲ. 100 ಲೀಟರ್ ತೊಟ್ಟಿಯ ಬಂಡೆಯಲ್ಲಿ ಹುಟ್ಟುವ ಕೋಪೆಪಾಡ್ ಅದಕ್ಕೆ ಕೆಲವೇ ವಾರಗಳ ಊಟ. ಅಲ್ಲಿಂದ ಮುಂದೆ ನಾವು ಹಾಕಿದ್ದನ್ನು ಅದು ತಿನ್ನಬೇಕು, ಇಲ್ಲವೇ ಸೊರಗಬೇಕು. ಹಸಿರು ಕಿತ್ತಳೆ ಗೆರೆಗಳ ನಡುವಿನ ಆ ನೀಲಿಗೆ ಮರುಳಾಗದವರು ಕಡಿಮೆ. ಬೇರೆ ಮೀನುಗಳಲ್ಲಿ ನೀಲಿ ಎಂಬುದು ಬಹುಪಾಲು ಬೆಳಕು ಚದುರುವ ಆಟ. ಇದರ ಚರ್ಮದಲ್ಲಾದರೆ ನೀಲಿ ಬಣ್ಣವನ್ನೇ ಹೊತ್ತ ಜೀವಕೋಶಗಳಿವೆ. ಅಂಥ ಮೀನು ಎದುರಿಗೇ ಉಪವಾಸ ಬಿದ್ದು ಸಾಯುವುದನ್ನು ತಡೆಯಲು ಈ ಬರಹ.

ಈ ಮೀನು ಕ್ಯೂಬನ್ನು ಮೂಸಿಯೂ ನೋಡದೆ ಬಿಡುವುದಕ್ಕೆ ಕಾರಣ ಹಟವಲ್ಲ. ಮ್ಯಾಂಡರಿನ್ ಆಹಾರವನ್ನು ಗುರುತಿಸುವುದು ಅದರ ಅಲುಗಾಟದಿಂದ. ಕಣ್ಣು ತಿರುಗಿಸಿ, ನಿಂತು, ಗುರಿಯಿಟ್ಟು, ಟಪ್ಪನೆ ಹೀರುತ್ತದೆ. ಅಲುಗಾಡದ ಸಿಗಡಿ ಚೂರು ಅದರ ಕಣ್ಣಿಗೆ ಮರಳಿನ ಕಾಳಿದ್ದ ಹಾಗೆ. ಆದ್ದರಿಂದ ಮೊದಲ ತುತ್ತು ಜೀವಂತವಾಗಿರಲೇಬೇಕು, ಮತ್ತು ಕೂಡಿಟ್ಟುಕೊಂಡು ವರ್ಷವಿಡೀ ಬೇಕೆಂದಾಗ ಜೀವಂತ ತುತ್ತನ್ನು ಮನೆಯಲ್ಲೇ ಹುಟ್ಟಿಸಿಕೊಡುವ ಪದಾರ್ಥ ಈ ಮೊಟ್ಟೆಯೊಂದೇ.

ಡಬ್ಬಿ ಬಿಚ್ಚಿದರೆ ಒಳಗಿರುವುದು ನುಣ್ಣಗೆ ಬೀಸಿದ ಕಾಫಿಪುಡಿಯಂಥ ಕಂದು ಪುಡಿ. ಒಂದೊಂದು ಕಣವೂ ಮಿಲಿಮೀಟರಿನ ಕಾಲು ಭಾಗದಷ್ಟು. ಮಾರುಕಟ್ಟೆಗೆ ಬರುವ ಒಳ್ಳೆಯ ಮೊಟ್ಟೆಗಳಲ್ಲಿ ಬಹಳಷ್ಟು ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್‌ನವು. ಡಬ್ಬಿಯ ಮೇಲೆ ಶೇಕಡಾ 80, 90 ಎಂದು ಮೊಟ್ಟೆ ಒಡೆಯುವ ಪ್ರಮಾಣ ಬರೆದಿರುತ್ತದೆ. 90ರ ದರ್ಜೆಯದಾದರೆ ಒಂದು ಗ್ರಾಂಗೆ ಎರಡು ಲಕ್ಷಕ್ಕೂ ಹೆಚ್ಚು ಮರಿ. ಕಡಿಮೆ ದರ್ಜೆಯದು ಅಗ್ಗ ಎನಿಸುತ್ತದೆ, ಆದರೆ ಅದು ಉಳಿತಾಯವಲ್ಲ: ಒಡೆಯದ ಮೊಟ್ಟೆ ಮತ್ತು ಜೊಳ್ಳು ಸಿಪ್ಪೆ ಮರಿಗಳ ಜೊತೆ ಬೆರೆತು ಬೇರ್ಪಡಿಸಲು ಕಷ್ಟವಾಗುತ್ತದೆ, ಸಣ್ಣ ಮೀನಿನ ಕರುಳಿನಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಚಿಲ್ಲರೆಯಾಗಿ ಪ್ಲಾಸ್ಟಿಕ್ ಪೊಟ್ಟಣಕ್ಕೆ ತುಂಬಿ ಕೊಟ್ಟದ್ದನ್ನು ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಬಿಳಿ ಬಸಿಯಲ್ಲಿ ಉಪ್ಪುನೀರು ಹಾಕಿ, ಒದ್ದೆ ಕಡ್ಡಿಯ ತುದಿಗೆ ಅಂಟುವಷ್ಟೇ ಮೊಟ್ಟೆ ಬಿಟ್ಟು, ದೀಪದ ಹತ್ತಿರ ಬೆಚ್ಚಗೆ ಒಂದೂವರೆ ದಿನ ಇಡಿ. ಭೂತಗನ್ನಡಿಯಲ್ಲಿ ನೋಡಿದರೆ ಮರಿ ಎಷ್ಟು, ಒಡೆಯದೆ ದುಂಡಗೆ ಉಳಿದದ್ದು ಎಷ್ಟು ಎಂದು ಎಣಿಸಬಹುದು. ಅರ್ಧಕ್ಕರ್ಧ ದುಂಡಗೇ ಇದ್ದರೆ ಆ ಅಂಗಡಿಯ ಪೊಟ್ಟಣ ಬೇಡ.

ಮರಿ ಮಾಡಿಸುವ ಸಾಮಾನು ಪ್ರತ್ಯೇಕ ಕೊಳ್ಳಬೇಕಿಲ್ಲ. ಒಂದು ಲೀಟರಿನ ತಂಪುಪಾನೀಯದ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ. ಮುಚ್ಚಳಕ್ಕೆ ತೂತು ಕೊರೆದು ಏರ್ ಪೈಪ್ ತೂರಿಸಿ, ಸುತ್ತ ಸಿಲಿಕೋನ್ ಹಚ್ಚಿ. ಬಾಟಲಿಗೂ ಪಂಪಿಗೂ ನಡುವೆ ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇರಲಿ, ಇಲ್ಲದಿದ್ದರೆ ಕರೆಂಟು ಹೋದಾಗ ಉಪ್ಪುನೀರು ಪಂಪಿನೊಳಕ್ಕೆ ಇಳಿಯುತ್ತದೆ. ಏರ್ ಸ್ಟೋನ್ ಬೇಡ. ಸಣ್ಣ ಗುಳ್ಳೆ ನೊರೆ ಎಬ್ಬಿಸಿ ಮೊಟ್ಟೆಗಳನ್ನು ಗೋಡೆಗೆ ಅಂಟಿಸುತ್ತದೆ. ಪೈಪಿನ ಬಾಯಿಂದಲೇ ಬರುವ ದಪ್ಪ ಗುಳ್ಳೆ ತಳದಿಂದ ಎಲ್ಲವನ್ನೂ ಕದಡುತ್ತಿರುತ್ತದೆ. ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಸಾಕು. ಹವಳದ ತೊಟ್ಟಿಗೆ ಬಳಸುವ ದುಬಾರಿ ರೀಫ್ ಸಾಲ್ಟ್ ಇದಕ್ಕೆ ದಂಡ. ನೀರು ಮೆದುವಾಗಿದ್ದರೆ, ಮಲೆನಾಡಿನ ಕಡೆಯ ಮಳೆನೀರು, ತೊರೆನೀರು ಸಾಮಾನ್ಯವಾಗಿ ಹಾಗೇ ಇರುತ್ತದೆ, ಅರ್ಧ ಗ್ರಾಂ ಅಡುಗೆ ಸೋಡಾ ಸೇರಿಸಿ. ಪಿಎಚ್ 8ರ ಮೇಲೆ ನಿಂತರೆ ಮೊಟ್ಟೆ ಚೆನ್ನಾಗಿ ಒಡೆಯುತ್ತದೆ. ಮೊಟ್ಟೆ ಲೀಟರಿಗೆ ಎರಡು ಗ್ರಾಂ ಮೀರಬಾರದು. ಒಂದೇ ಮ್ಯಾಂಡರಿನ್‌ಗಾದರೆ ಅರ್ಧ ಗ್ರಾಂ ಧಾರಾಳವಾಯಿತು. ಕಾಲು ಟೀ ಚಮಚ ಮಟ್ಟಸವಾಗಿ ತುಂಬಿದರೆ ಸುಮಾರು ಮುಕ್ಕಾಲು ಗ್ರಾಂ.

ಈಗ ಬಿಸಿಯ ಮಾತು. ಡಬ್ಬಿಯ ಮೇಲೆ 24 ಗಂಟೆ ಎಂದು ಅಚ್ಚು ಹಾಕಿರುವುದು 28 ಡಿಗ್ರಿ ನೀರಿಗೆ. ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರಿನ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ; ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ ಬಾಟಲಿಯಲ್ಲಿ 36 ಗಂಟೆಯಾದರೂ ಅರ್ಧ ಮೊಟ್ಟೆ ಒಡೆದಿರುವುದಿಲ್ಲ. ಒಡೆದವೂ ಒಂದೇ ಹೊತ್ತಿಗೆ ಒಡೆಯುವುದಿಲ್ಲ, ಮೊದಲು ಹುಟ್ಟಿದ ಮರಿ ಕೊನೆಯದು ಹುಟ್ಟುವ ಹೊತ್ತಿಗೆ ಮೈಯಲ್ಲಿದ್ದ ಹಳದಿ ಕೊಬ್ಬನ್ನು ಕರಗಿಸಿಕೊಂಡಿರುತ್ತದೆ. ಡಬ್ಬಿ ಸರಿಯಿಲ್ಲ ಎಂದು ಇಲ್ಲಿ ಕೇಳಿಬರುವ ದೂರುಗಳಲ್ಲಿ ಚಳಿಯದೇ ತಪ್ಪಾಗಿರುವ ಸಂದರ್ಭ ಬಹಳ. ಬಕೆಟ್ಟಿನಲ್ಲಿ ಸಾದಾ ನೀರು ತುಂಬಿ, ಅದರಲ್ಲಿ 50 ವ್ಯಾಟಿನ ಹೀಟರ್ ಮುಳುಗಿಸಿ 28ಕ್ಕೆ ತಿರುಗಿಸಿ, ಆ ನೀರಿನಲ್ಲಿ ಬಾಟಲಿಯನ್ನು ಕತ್ತರಿಸಿದ ಅಂಚು ಮಾತ್ರ ಮೇಲುಳಿಯುವಂತೆ ಇಳಿಸಿ ಕಟ್ಟಿ. ಹೀಟರನ್ನು ನೇರ ಬಾಟಲಿಯೊಳಗೆ ಇಳಿಸಬೇಡಿ, ಅದರ ಗಾಜಿನ ಪಕ್ಕದ ಮರಿಗಳು ಬೇಯುತ್ತವೆ. ಸಂಪ್ (ತೊಟ್ಟಿಯ ಕೆಳಗಿನ ಫಿಲ್ಟರ್ ಪೆಟ್ಟಿಗೆ) ಇರುವ ತೊಟ್ಟಿಯಾದರೆ ಬಾಟಲಿಯನ್ನು ಸಂಪಿನಲ್ಲೇ ತೂಗುಬಿಡಬಹುದು. ಮೊದಲ ಕೆಲವು ಗಂಟೆ ಮೇಲಿಂದ ಬೆಳಕು ಬೀಳಲೇಬೇಕು. ಒಡೆಯುವ ಕ್ರಿಯೆ ಶುರುವಾಗುವುದಕ್ಕೆ ಬೆಳಕಿನ ಪ್ರಚೋದನೆ ಬೇಕು.

ಮರಿ ತೆಗೆಯುವುದರಲ್ಲಿ ಅವಸರ ಪಟ್ಟವರೇ ಹೆಚ್ಚು ಕೆಡಿಸಿಕೊಳ್ಳುತ್ತಾರೆ. ಗಾಳಿ ನಿಲ್ಲಿಸಿ, ಮೇಲ್ಭಾಗಕ್ಕೆ ಕಪ್ಪು ಬಟ್ಟೆ ಸುತ್ತಿ, ಕುತ್ತಿಗೆಯ ಹತ್ತಿರ ಟಾರ್ಚು ಹಿಡಿದು ಹತ್ತು ನಿಮಿಷ ಕಾಯಿರಿ. ಜೊಳ್ಳು ಸಿಪ್ಪೆ ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕೆ ಕೂರುತ್ತದೆ, ಮರಿಗಳು ಕಿತ್ತಳೆ ಮೋಡದ ಹಾಗೆ ಬೆಳಕಿನತ್ತ ಇಳಿಯುತ್ತವೆ. ಚೆಕ್ ವಾಲ್ವಿನಿಂದ ಪೈಪು ಬಿಡಿಸಿ ಕೆಳಗಿಳಿಸಿ, ಮೊದಲು ಬರುವ ಒಂದೆರಡು ಚಮಚ ನೀರನ್ನು ಚೆಲ್ಲಿ, ಅದರಲ್ಲಿ ಇರುವುದು ಒಡೆಯದ ಮೊಟ್ಟೆ. ಆಮೇಲಿನದನ್ನು 120 ಮೈಕ್ರಾನ್ ಜರಡಿಗೆ ಬಿಟ್ಟು ಶುದ್ಧ ಉಪ್ಪುನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಬಾಟಲಿಯ ನೀರು ಒಂದು ಹನಿಯೂ ತೊಟ್ಟಿಗೆ ಹೋಗಬಾರದು: ಮೊಟ್ಟೆ ಒಡೆಯುವಾಗ ಗ್ಲಿಸರಾಲ್ ಹೊರಬರುತ್ತದೆ, ಅದನ್ನು ತಿಂದು ಬೆಳೆದ ಬ್ಯಾಕ್ಟೀರಿಯಾ ಆ ನೀರಿನಲ್ಲಿ ತುಂಬಿರುತ್ತದೆ. ಸಣ್ಣ ತೊಟ್ಟಿಯಲ್ಲಿ ಬಂಡೆಯ ಮೇಲೆ ಬಿಳಿ ಲೋಳೆ ಕಟ್ಟುವುದಕ್ಕೆ ಇದೂ ಒಂದು ಕಾರಣ.

ಇನ್ನು ಡಬ್ಬಿಯ ಮೊದಲ ಕೊರತೆ. ಹೊಸ ಮರಿಯಲ್ಲಿ ಕೊಬ್ಬು ಇದೆ, ಆದರೆ ಸಮುದ್ರದ ಮೀನಿಗೆ ಬೇಕೇಬೇಕಾದ ಡಿಎಚ್‌ಎ ಎಂಬ ಒಮೆಗಾ-3 ಅಂಶ ಇಲ್ಲವೆನ್ನುವಷ್ಟು ಕಡಿಮೆ. ಬರೀ ಇದನ್ನೇ ತಿಂದ ಮ್ಯಾಂಡರಿನ್ ಹೊಟ್ಟೆ ತುಂಬಿಕೊಂಡೇ ಬಡವಾಗುತ್ತದೆ. ಪರಿಹಾರವೂ ಡಬ್ಬಿಯ ಹೊರಗಡೆ ಇದೆ. ಹುಟ್ಟಿದ ಎಂಟು ಗಂಟೆಯೊಳಗೆ ಮರಿಗೆ ಬಾಯಿ ತೆರೆದಿರುವುದಿಲ್ಲ. ಒಂದು ಸಲ ಪೊರೆ ಬಿಟ್ಟ ಮೇಲೆ ಅದು ಸಿಕ್ಕಿದ್ದನ್ನು ಸೋಸಿ ನುಂಗಲು ಶುರುಮಾಡುತ್ತದೆ. ಆ ಹಂತದಲ್ಲಿ ಹೊಸ ಉಪ್ಪುನೀರಿಗೆ ಹಾಕಿ, ಸೆಲ್ಕಾನ್‌ನಂಥ ಒಮೆಗಾ-3 ದ್ರಾವಣದ ಕೆಲವು ಹನಿ ಬೆರೆಸಿ, ಗಾಳಿ ಜೋರಾಗಿ ಬಿಟ್ಟು 12 ಗಂಟೆ ಇಟ್ಟರೆ ಮರಿಯ ಹೊಟ್ಟೆ ತುಂಬ ಅದೇ ತುಂಬಿರುತ್ತದೆ. ಮತ್ತೆ ತೊಳೆದು ಮೀನಿಗೆ ಹಾಕಬೇಕು, ಇಲ್ಲವಾದರೆ ಎಣ್ಣೆ ನೀರಿನ ಮೇಲೆ ಪೊರೆ ಕಟ್ಟುತ್ತದೆ. ಹೀಗೆ ಮಾಡಲು ಆಗದ ದಿನ ಹುಟ್ಟಿದ ಆರು ಗಂಟೆಯೊಳಗೆ ಹಾಕಿಬಿಡಿ. ಉಳಿದದ್ದು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ, ಅಗಲವಾದ ಡಬ್ಬದಲ್ಲಿ ತೆಳುವಾಗಿ ಹರಡಿದರೆ ಒಂದು ದಿನ ಜೀವ ಹಿಡಿದಿರುತ್ತದೆ.

ಎರಡನೆಯ ಕೊರತೆ ತೇವ. ಮೊಟ್ಟೆ ವರ್ಷಗಟ್ಟಲೆ ಬದುಕಿರುವುದು ಒಣಗಿರುವುದರಿಂದಲೇ. ಸ್ವಲ್ಪ ತೇವ ಹೀರಿದರೂ ಒಳಗಿನ ಭ್ರೂಣ ಎಚ್ಚರಗೊಳ್ಳುತ್ತದೆ, ಆದರೆ ಒಡೆಯುವಷ್ಟು ನೀರು ಸಿಗದೆ ಶಕ್ತಿ ಕಳೆದುಕೊಂಡು ಸಾಯುತ್ತದೆ. ಜೂನ್, ಜುಲೈನಲ್ಲಿ ಸಕಲೇಶಪುರದ ಕಡೆ ಅಟ್ಟದ ಮೇಲಿನ ಬಟ್ಟೆ ಮುಗ್ಗುವ ಹವೆಯಲ್ಲಿ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ಯಾವ ಕೆಲಸಕ್ಕೂ ಬಾರದು. ಸೀಲು ಒಡೆದ ದಿನವೇ, ಮಳೆ ಇಲ್ಲದ ಮಧ್ಯಾಹ್ನ ನೋಡಿ, ಹತ್ತು ಹತ್ತು ಗ್ರಾಂನಂತೆ ಒಣಗಿದ ಸಣ್ಣ ಗಾಜಿನ ಬಾಟಲಿಗಳಿಗೆ ತುಂಬಿ, ತಲಾ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಫ್ರೀಜರಿನಲ್ಲಿಡಿ. ಹೊರತೆಗೆದಾಗ ತಕ್ಷಣ ಮುಚ್ಚಳ ತೆಗೆಯಬಾರದು. ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ ಬಿಡಬೇಕು. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಒಳಗೇ ಹನಿಗಟ್ಟುತ್ತದೆ. ಈ ಒಂದು ತಪ್ಪಿನಿಂದ ಶೇಕಡಾ 90ರ ಡಬ್ಬಿ ಒಂದೇ ಮಳೆಗಾಲದಲ್ಲಿ ಬರೀ ಪುಡಿಯಾಗುತ್ತದೆ.

ಫ್ರೋಜನ್ ಮೈಸಿಸ್ ಬಗ್ಗೆ ಮೇಲೆ ಹೇಳಿದ್ದು ಅದರ ಗುಣದ ಮೇಲಿನ ದೂರಲ್ಲ. ಹಿಕಾರಿ ಕಂಪನಿಯದಾಗಲಿ, ಕೆನಡಾದ ಪಿಇ ಮೈಸಿಸ್ ಆಗಲಿ, ಕರಗದೆ ಬಂದರೆ ಉತ್ತಮ ಆಹಾರ. ಕರಗಿ ಮತ್ತೆ ಗಟ್ಟಿಯಾದದ್ದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ: ಹಾಳೆಯ ಗುಳಿಗಳಲ್ಲಿ ಕ್ಯೂಬು ಚೌಕಾಕಾರ ಕಳೆದುಕೊಂಡು ಒಂದು ಮಗ್ಗುಲಿಗೆ ಜಾರಿರುತ್ತದೆ, ಅಲ್ಲೇ ಕಂದು ರಸ ಹೆಪ್ಪುಗಟ್ಟಿರುತ್ತದೆ. ಲೋಟದ ಉಪ್ಪುನೀರಿಗೆ ಒಂದು ಕ್ಯೂಬು ಹಾಕಿ ನೋಡಿ. ಕಪ್ಪು ಕಣ್ಣು, ಬಾಲ ಎಲ್ಲ ಸಮೇತ ಇಡೀ ಮೈಸಿಸ್ ಬಿಡಿಬಿಡಿಯಾಗಿ ತೇಲಿದರೆ ಒಳ್ಳೆಯದು. ನೀರು ಹಾಲಿನಂತೆ ಕದಡಿ ಚಿಂದಿ ಉಳಿದರೆ ಜೀವಕೋಶಗಳು ಒಡೆದು ಸತ್ವವೆಲ್ಲ ರಸಕ್ಕೆ ಇಳಿದಿದೆ. ಆ ರಸ ಮೀನಿಗೆ ಸೇರುವುದಿಲ್ಲ, ಅಮೋನಿಯಾ ಆಗಿ ತೊಟ್ಟಿಗೆ ಸೇರುತ್ತದೆ. ತರಿಸುವಾಗ ದಪ್ಪ ಥರ್ಮೊಕೋಲ್ ಪೆಟ್ಟಿಗೆ, ಅದರ ನಾಲ್ಕೂ ಬದಿಗೆ ಗಟ್ಟಿಯಾದ ನೀರಿನ ಬಾಟಲಿ, ರಾತ್ರಿ ಬಸ್ಸು: ಇಷ್ಟು ಹೇಳಿ ಕಳಿಸಿದರೆ ಹಾಸನದವರೆಗೆ ಸರಿಯಾಗಿ ಬರುತ್ತದೆ. ಹಗಲು ಕೊರಿಯರ್‌ಗೆ ಕೊಟ್ಟದ್ದು ಅದೃಷ್ಟ. ಮನೆಯ ಫ್ರೀಜರಿನಲ್ಲಿ ಒಂದು ಲೋಟ ನೀರು ಗಟ್ಟಿ ಮಾಡಿ ಅದರ ಮೇಲೆ ನಾಣ್ಯ ಇಟ್ಟಿರಿ. ಊರಿಗೆ ಹೋಗಿ ಬಂದಾಗ ನಾಣ್ಯ ಮುಳುಗಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದೇ ಅರ್ಥ. ಆ ಹಾಳೆಯನ್ನು ಎಸೆಯುವುದೇ ಮೇಲು.

ಕೋಪೆಪಾಡ್ ಬಾಟಲಿ ದುಬಾರಿ, ಆದರೆ ಒಂದೇ ಸಲ ಕೊಂಡು ಬೆಳೆಸಿಕೊಳ್ಳುವುದಾದರೆ ಮಾತ್ರ ಲಾಭ. ನೇರ ತೊಟ್ಟಿಗೆ ಸುರಿದರೆ ವಾರದಲ್ಲಿ ಖಾಲಿ. ಬಂಡೆಗೆ ಅಂಟಿ ತೆವಳುವ ಟಿಸ್ಬೆ ಜಾತಿ ಸಣ್ಣ ತೊಟ್ಟಿಯಲ್ಲಿ ಬೇರೂರುತ್ತದೆ. ಕೆಂಪಗಿನ ಟಿಗ್ರಿಯೋಪಸ್ ಗಾತ್ರದಲ್ಲಿ ದೊಡ್ಡದು, ಮೀನಿನ ಕಣ್ಣಿಗೆ ಬೇಗ ಬೀಳುತ್ತದೆ, ಬೇಗ ಮುಗಿಯುತ್ತದೆ. ಐದು ಲೀಟರಿನ ಬಕೆಟ್ಟು, ಮೆಲ್ಲಗೆ ಗುಳ್ಳೆ, ನೀರಿಗೆ ತಿಳಿಹಸಿರು ಬರುವಷ್ಟು ಫೈಟೋಪ್ಲಾಂಕ್ಟನ್ ಎಂಬ ಸೂಕ್ಷ್ಮ ಪಾಚಿ, ವಾರಕ್ಕೆ ಒಂದು ಲೀಟರ್ ಸೋಸಿ ತೆಗೆಯುವುದು, ಇಷ್ಟೇ ಕೆಲಸ.

ಆದರೆ ಕಾಫಿ ಸೀಮೆಯಲ್ಲಿ ಈ ಬಕೆಟ್ಟಿನ ವಿಷಯ ಒತ್ತಿ ಹೇಳಲೇಬೇಕು. ಕಾಫಿ, ಅಡಿಕೆ, ಮೆಣಸಿಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ತಾಮ್ರದ ಲವಣ. ಬೆನ್ನೆಲುಬಿಲ್ಲದ ಸಣ್ಣ ಜೀವಿಗಳಿಗೆ ತಾಮ್ರ ವಿಷ. ಕೋಪೆಪಾಡ್, ಸಿಗಡಿ, ಹವಳ ಯಾವುದೂ ಉಳಿಯುವುದಿಲ್ಲ. ಔಷಧಿ ಕಲಸಿದ ಬಕೆಟ್ಟನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ತರಬೇಡಿ, ಕಲಸಿದ ಕೋಲು, ಮಗ್ಗು, ಪೈಪು ಕೂಡ. ತೋಟದ ನಡುವಿನ ಮನೆಯ ಹೆಂಚಿನಿಂದ ಹಿಡಿದ ಮಳೆನೀರು ಆರ್‌ಒ ನೀರಿಗೆ ಬದಲಿಯಾಗಬಲ್ಲದು, ಆದರೆ ಔಷಧಿ ಹೊಡೆಯುವ ದಿನಗಳಲ್ಲಿ ಅಲ್ಲ. ತಾಮ್ರದ ಹಂಡೆ, ಬಿಂದಿಗೆಯಲ್ಲಿ ತುಂಬಿಟ್ಟ ನೀರೂ ಬೇಡ.

ಪೆಲೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಧ ಮಿಲಿಮೀಟರಿನ, ಮುಳುಗುವ, ನೆನೆದರೆ ಮೆತ್ತಗಾಗುವ ಬಗೆಯನ್ನು ತೊಟ್ಟಿಯಲ್ಲೇ ಮರಿ ಮಾಡಿಸಿದ ಮ್ಯಾಂಡರಿನ್ ಕಲಿಯಬಹುದು. ಸಮುದ್ರದಿಂದ ಹಿಡಿದು ತಂದದ್ದು ಬಹುಮಟ್ಟಿಗೆ ಕಲಿಯುವುದಿಲ್ಲ.

ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿ ಬರುವ ಕರಾವಳಿಯ ಮೀನಿನ ಪೆಟ್ಟಿಗೆಯಲ್ಲೂ ಒಂದು ಉಪಯೋಗದ ವಸ್ತುವಿದೆ: ಕೆಲವು ಜಾತಿಯ ಸಿಗಡಿಗಳ ಹೊಟ್ಟೆಯಡಿ ಅಂಟಿರುವ ಮೊಟ್ಟೆ, ಸಣ್ಣ ಮೀನುಗಳ ಮೊಟ್ಟೆ. ದುಂಡಗಿನ ಕಾಳು, ಕೊಬ್ಬು ಹೆಚ್ಚು, ಸತ್ತ ಆಹಾರಗಳಲ್ಲಿ ಮ್ಯಾಂಡರಿನ್ ಬೇಗ ಒಪ್ಪುವುದು ಇದನ್ನೇ. ಪೊರೆ ಬಿಡಿಸಿ, ಜರಡಿಯಲ್ಲಿ ಉಪ್ಪುನೀರಿನಿಂದ ಮೂರು ನಾಲ್ಕು ಸಲ ತೊಳೆದು, ಜಿಪ್ ಚೀಲದಲ್ಲಿ ರೊಟ್ಟಿಯಷ್ಟು ತೆಳುವಾಗಿ ಹರಡಿ ಫ್ರೀಜರಿಗಿಡಿ. ಬೇಕಾದಾಗ ಉಗುರಿನಷ್ಟು ಮುರಿದುಕೊಳ್ಳಬಹುದು. ಘಮಘಮ ವಾಸನೆ ಬದಲು ಕೊಳೆತ ವಾಸನೆ ಇದ್ದರೆ ಬೆಕ್ಕಿಗೂ ಬೇಡ. ಇದೇ ರೀತಿ ಮನೆಯಲ್ಲೇ ಹುಟ್ಟಿಸಿದ ಆರ್ಟೀಮಿಯಾ ಮರಿಯನ್ನೂ ತೆಳುವಾಗಿ ಗಟ್ಟಿ ಮಾಡಿಟ್ಟುಕೊಳ್ಳಬಹುದು. ಜೀವಂತದಿಂದ ಫ್ರೋಜನ್‌ಗೆ ದಾಟಿಸುವ ಸೇತುವೆ ಅದೇ.

ದಾಟಿಸುವ ಕ್ರಮ ಹೀಗೆ. ತೊಟ್ಟಿಯೊಳಗೇ ನೇತುಹಾಕುವ ಬಲೆಪೆಟ್ಟಿಗೆಯಲ್ಲಿ ಮೀನನ್ನು ಬಿಟ್ಟು, ಒಂದು ತುಂಡು ಲೈವ್ ರಾಕ್ ಜೊತೆಗಿಡಿ. ಮೊದಲು ಬರೀ ಜೀವಂತ ಮರಿ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ. ಸತತ ಮೂರು ಊಟ ಹಿಂಜರಿಯದೆ ತಿಂದ ಮೇಲೆ ಕಾಲು ಭಾಗ ಫ್ರೋಜನ್ ಮರಿ ಬೆರೆಸಿ. ಜೀವಂತವುಗಳ ಓಡಾಟಕ್ಕೆ ಸತ್ತವೂ ಅಲುಗುತ್ತವೆ, ಮೀನು ಎರಡನ್ನೂ ಹೀರುತ್ತದೆ. ಮತ್ತೆ ಮೂರು ಊಟ, ಮತ್ತೆ ಅರ್ಧ ಭಾಗ. ಆಮೇಲೆ ಸಿಗಡಿ ಮೊಟ್ಟೆ, ಕೊನೆಗೆ ಬ್ಲೇಡಿನಿಂದ ಸಣ್ಣಗೆ ಕೊಚ್ಚಿದ ಮೈಸಿಸ್. ಎರಡು ಮೂರು ವಾರ ಹಿಡಿಯುತ್ತದೆ. ಒಂದು ಹಂತದಲ್ಲಿ ತಿರಸ್ಕರಿಸಿದರೆ ಹಸಿವಿನಿಂದ ದಾರಿಗೆ ಬರುತ್ತದೆ ಎಂದು ಕಾಯಬಾರದು, ಇದು ಬರುವುದಿಲ್ಲ. ಹಿಂದಿನ ಹಂತಕ್ಕೆ ಅದೇ ದಿನ ಇಳಿಯಬೇಕು.

ಪೆಟ್ಟಿಗೆಯಿಂದ ಬಿಟ್ಟ ಮೇಲೆ ಎದುರಾಗುವುದು ಕ್ಲೌನ್‌ಫಿಶ್‌ನಂಥ ಚುರುಕು ಮೀನುಗಳ ಪೈಪೋಟಿ. ನಿಧಾನವಾಗಿ ತಿನ್ನುವ ಮ್ಯಾಂಡರಿನ್ ತಲೆಯೆತ್ತುವಷ್ಟರಲ್ಲಿ ಊಟ ಮುಗಿದಿರುತ್ತದೆ. ಅಗಲ ಬಾಯಿಯ ಚಿಕ್ಕ ಗಾಜಿನ ಜಾರನ್ನು ಅದು ಓಡಾಡುವ ಬಂಡೆಯ ಬುಡದಲ್ಲಿ ಓರೆಯಾಗಿ ಮಲಗಿಸಿ, ಪಂಪುಗಳನ್ನು 15 ನಿಮಿಷ ನಿಲ್ಲಿಸಿ, ಉದ್ದ ಪಿಪೆಟ್ಟಿನಿಂದ ಆಹಾರವನ್ನು ಜಾರಿನೊಳಗೇ ಬಿಡಿ. ಉಳಿದ ಮೀನುಗಳಿಗೆ ಅದೇ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ ಅವುಗಳ ಊಟ. ಕೆಲವು ದಿನಗಳಲ್ಲಿ ಪಿಪೆಟ್ ಕಂಡೊಡನೆ ಮ್ಯಾಂಡರಿನ್ ಜಾರಿನ ಕಡೆ ತೆವಳಿ ಬರುವುದು ಕಣ್ಣಿಗೆ ಹಬ್ಬ. ಉಳಿಕೆಯನ್ನು ಅರ್ಧ ಗಂಟೆಯೊಳಗೆ ಹೀರಿ ತೆಗೆಯಿರಿ, ಪಂಪು ಮತ್ತೆ ಹಾಕಲು ಮರೆಯಬೇಡಿ. ದಿನಕ್ಕೆ ಮೂರು ನಾಲ್ಕು ಸಲ ಊಟವೆಂದರೆ ನೈಟ್ರೇಟ್ ಏರಿಯೇ ಏರುತ್ತದೆ. 100 ಲೀಟರಿಗೆ ವಾರಕ್ಕೆ ಹತ್ತು ಲೀಟರ್ ನೀರು ಬದಲಾಯಿಸಿ, 20 ಪಿಪಿಎಂ ಒಳಗೆ ಹಿಡಿದಿಡಿ.

ಮೀನು ನಿಜಕ್ಕೂ ತಿನ್ನುತ್ತಿದೆಯೇ ಎಂಬುದಕ್ಕೆ ಬಾಯಿ ಆಡಿಸುವುದು ಸಾಕ್ಷಿಯಲ್ಲ, ಹೊಟ್ಟೆಯೇ ಸಾಕ್ಷಿ. ಮೇಲಿನಿಂದ ನೋಡಿದಾಗ ತಲೆಯ ಹಿಂದೆ ಮೈ ದುಂಡಗಿರಬೇಕು. ಹೊಟ್ಟೆ ಒಳಕ್ಕೆ ಸೆಳೆದು, ಮೈಯುದ್ದಕ್ಕೂ ಎಲುಬಿನ ಗೆರೆ ಎದ್ದು ಕಂಡರೆ ಆಗಲೇ ತಡವಾಗಿದೆ. ಅಂಗಡಿಯಲ್ಲಿ ಹಾಗಿರುವುದನ್ನು ಕರುಣೆಯಿಂದ ಕೊಳ್ಳಬೇಡಿ. ಎದುರಿಗೇ ಆಹಾರ ಹಾಕಿ ತೋರಿಸಿ ಎಂದು ಕೇಳಿ, ದೂರದ ಊರಾದರೆ ವೀಡಿಯೊ ತರಿಸಿಕೊಳ್ಳಿ. ಇದೇ ಆಹಾರ ತಿನ್ನುತ್ತದೆ ಎಂದು ಯಾರಾದರೂ ಸಮುದ್ರಕುದುರೆ ತೋರಿಸಿದರೆ ಅದನ್ನು ಮುಟ್ಟಬೇಡಿ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ.

ಎಷ್ಟು ದೊಡ್ಡ ಡಬ್ಬಿ ಕೊಳ್ಳಬೇಕು? ದಿನ ಬಿಟ್ಟು ದಿನ ಅರ್ಧ ಗ್ರಾಂ ಒಡೆಸಿದರೆ 50 ಗ್ರಾಂ ಇನ್ನೂರು ದಿನಕ್ಕೆ ಬರುತ್ತದೆ. 425 ಗ್ರಾಂ ದೊಡ್ಡ ಡಬ್ಬಿಯಲ್ಲಿ ಗ್ರಾಂ ಲೆಕ್ಕದಲ್ಲಿ ಅಗ್ಗವಾದರೂ ಒಂದು ಮೀನಿನ ಮನೆಗೆ ಅದು ನಾಲ್ಕೈದು ಮಳೆಗಾಲ ದಾಟಬೇಕಾಗುತ್ತದೆ. ಹಾಸನ, ಚಿಕ್ಕಮಗಳೂರು, ಮೂಡಿಗೆರೆಯ ನಾಲ್ವರು ಸೇರಿ ಒಂದು ತರಿಸಿ, ಸೀಲು ಒಡೆದ ದಿನವೇ ಹಂಚಿಕೊಂಡರೆ ಸರಿಹೋಗುತ್ತದೆ. ಮಾರ್ಚ್ ತಿಂಗಳು ಅದಕ್ಕೆ ಒಳ್ಳೆಯ ಹೊತ್ತು, ಗಾಳಿ ಒಣಗಿರುತ್ತದೆ.